ನೂರು ಪಣಕ್ಕೆ ನೂರು ಹಕ್ಕಿ

ರಾಷ್ಟ್ರಕೂಟರ ಅಮೋಘವರ್ಷ ಆಳುತ್ತಿದ್ದ 9ನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಹಕ್ಕಿ ಲೆಕ್ಕವಿದೆ. ಮೂರು ಪಣಕ್ಕೆ ಐದು ಪಾರಿವಾಳ, ಐದು ಪಣಕ್ಕೆ ಏಳು ಸಾರಸ, ಏಳು ಪಣಕ್ಕೆ ಒಂಬತ್ತು ಹಂಸ, ಒಂಬತ್ತು ಪಣಕ್ಕೆ ಮೂರು ನವಿಲು. ರಾಜಕುಮಾರನ ವಿನೋದಕ್ಕೆಂದು ನೂರು ಪಣ ಕೊಟ್ಟು ನೂರು ಹಕ್ಕಿ ತರಬೇಕು. ಯಾವುದು ಎಷ್ಟು?

ಗೊತ್ತಿಲ್ಲದ ಸಂಖ್ಯೆಗಳು ಎಷ್ಟೋ ಸಮೀಕರಣಗಳೂ ಅಷ್ಟೇ ಬೇಕು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಇಲ್ಲಿ ಹಕ್ಕಿ ನಾಲ್ಕು ಬಗೆ, ಸಮೀಕರಣ ಎರಡೇ: ಒಂದು ಹಕ್ಕಿಗಳದ್ದು, ಇನ್ನೊಂದು ಹಣದ್ದು. ಎಣ್ಣೆ, ಬೆಲ್ಲದಂತೆ ಅಳೆದು ತೂಗಿ ಕೊಳ್ಳುವ ಸರಕಾಗಿದ್ದರೆ ಉತ್ತರಗಳಿಗೆ ಕೊನೆಯೇ ಇರುತ್ತಿರಲಿಲ್ಲ. ಆದರೆ ಅರ್ಧ ನವಿಲನ್ನು ಯಾರೂ ಮಾರುವುದಿಲ್ಲ. ಬಾಯಿಬಿಟ್ಟು ಹೇಳದ ಈ ಷರತ್ತೇ ಲೆಕ್ಕವನ್ನು ಬಿಡಿಸಿಕೊಡುತ್ತದೆ.

ಪಾರಿವಾಳಗಳನ್ನು ಐದೈದರ ಗುಂಪಾಗಿ ಕೊಳ್ಳೋಣ. ಇಲ್ಲವಾದರೆ ಬೆಲೆ ಪೂರ್ತಿ ಪಣಗಳಲ್ಲಿ ಬರುವುದಿಲ್ಲ. ಸಾರಸ ಏಳೇಳು, ಹಂಸ ಒಂಬತ್ತೊಂಬತ್ತು. ಈ ಗುಂಪುಗಳ ಸಂಖ್ಯೆ ಕ್ರಮವಾಗಿ ಪ, ಸ, ಹ ಆಗಿರಲಿ. ನವಿಲು ಒಂದಕ್ಕೆ ಸರಿಯಾಗಿ ಮೂರು ಪಣ ಬೀಳುವುದರಿಂದ ಅದನ್ನು ಬಿಡಿಯಾಗಿಯೂ ಕೊಳ್ಳಬಹುದು. ಅದರ ಸಂಖ್ಯೆ ನ. (ಭಾಸ್ಕರಾಚಾರ್ಯರ ಕಾಲದ ಬೀಜಗಣಿತಜ್ಞರು ಇಂಥಲ್ಲಿ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು ಬಳಸುತ್ತಿದ್ದರು. ನಮ್ಮ x, y, zಗಿಂತ ಅದೇ ಚೆಂದ.)

5ಪ + 7ಸ + 9ಹ + ನ = 100
3ಪ + 5ಸ + 7ಹ + 3ನ = 100

ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ನ = ಪ + ಸ + ಹ. ಕೊಳ್ಳುವ ನವಿಲುಗಳ ಸಂಖ್ಯೆಯೂ ಮಿಕ್ಕ ಹಕ್ಕಿಗಳ ಗುಂಪುಗಳ ಸಂಖ್ಯೆಯೂ ಒಂದೇ! ಬೆಲೆಗಳನ್ನು ಆರಿಸಿದವರು ಲೆಕ್ಕ ಹೀಗೆ ಸಲೀಸಾಗಲಿ ಎಂದೇ ಆರಿಸಿದಂತಿದೆ. ಮೊದಲ ಸಾಲಿನಲ್ಲಿ ನ ಬದಲಿಗೆ ಇದನ್ನು ಇಟ್ಟು ಎರಡರಿಂದ ಭಾಗಿಸಿದರೆ

3ಪ + 4ಸ + 5ಹ = 50

ಹಂಸದ ಗುಂಪು ಒಂದೇ ಎಂದುಕೊಳ್ಳಿ. ಆಗ 3ಪ + 4ಸ = 45. ನಲವತ್ತೈದು ಮೂರರ ಮಗ್ಗಿಯಲ್ಲಿದೆ, 3ಪ ಕೂಡ. ಹಾಗಾಗಿ 4ಸ ಸಹ ಅದೇ ಮಗ್ಗಿಯಲ್ಲಿರಬೇಕು. ಅಲ್ಲಿಗೆ ಸ ಎಂದರೆ 3, 6 ಅಥವಾ 9 ಮಾತ್ರ; ಪ ಕ್ರಮವಾಗಿ 11, 7, 3. ಹಂಸವನ್ನು ಹೀಗೆಯೇ ಎಂಟು ಗುಂಪಿನವರೆಗೆ ಏರಿಸುತ್ತ ಹೋದರೆ ನಾಲ್ಕೂ ಬಗೆಯ ಹಕ್ಕಿಗಳಿರುವ ಒಟ್ಟು 16 ಉತ್ತರಗಳು ಸಿಗುತ್ತವೆ. ನವಿಲನ್ನೂ ಮೂರು ಮೂರಾಗಿಯೇ ಕೊಳ್ಳಬೇಕು ಎಂದು ಹಟ ಹಿಡಿದರೆ ಉಳಿಯುವುದು ಆರು. ಅವುಗಳಲ್ಲೊಂದು ಹೀಗಿದೆ: 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು. ಹಣ 9, 20, 35, 36, ಕೂಡಿ ನೋಡಿ. ಒಂದು ಮಾತನ್ನು ಓದಿಕೊಳ್ಳುವ ರೀತಿ ಬದಲಾದರೆ ಹತ್ತು ಉತ್ತರ ಹಾರಿಹೋಗುತ್ತವೆ. ಇಂಥ ಲೆಕ್ಕಗಳಲ್ಲಿ ಕಷ್ಟವಿರುವುದು ಬೀಜಗಣಿತದಲ್ಲಲ್ಲ, ಪ್ರಶ್ನೆಯನ್ನು ಓದುವುದರಲ್ಲಿ.

ಪೂರ್ಣಾಂಕಗಳಲ್ಲೇ ಉತ್ತರ ಬೇಕೆನ್ನುವ ಸಮೀಕರಣಗಳಿಗೆ ಆರ್ಯಭಟ 499ರಲ್ಲೇ ‘ಕುಟ್ಟಕ’ ವಿಧಾನ ಕೊಟ್ಟಿದ್ದ. ದೊಡ್ಡ ಸಂಖ್ಯೆಯನ್ನು ಸಣ್ಣದರಿಂದ ಭಾಗಿಸಿ, ಭಾಜಕವನ್ನು ಶೇಷದಿಂದ ಭಾಗಿಸಿ, ಹೀಗೆ ಸಮೀಕರಣವನ್ನು ಕುಟ್ಟಿ ಕುಟ್ಟಿ ಸಣ್ಣದು ಮಾಡುವುದೇ ಅದರ ತಿರುಳು. ಅವನಿಗೆ ಅದು ಗ್ರಹಗತಿಯ ಲೆಕ್ಕಕ್ಕೆ ಬೇಕಿತ್ತು. ಮಹಾವೀರಾಚಾರ್ಯರು ಅಂಥ ಲೆಕ್ಕಗಳನ್ನು ಹಣ್ಣಿನ ರಾಶಿಗಳಿಗೂ ತಂದರು. ಹಕ್ಕಿ ಲೆಕ್ಕವಂತೂ ದೇಶ ದಾಟಿದ ಬಗೆಯದು. ಈಜಿಪ್ಟಿನ ಅಬು ಕಾಮಿಲ್ 900ರ ಆಸುಪಾಸಿನಲ್ಲಿ ಹಕ್ಕಿಗಳ ಲೆಕ್ಕಕ್ಕೆಂದೇ ಒಂದು ಪುಸ್ತಕ ಬರೆದು, ಐದು ಬಗೆಯ ಹಕ್ಕಿಗಳ ಒಂದು ಪ್ರಶ್ನೆಗೆ 2,676 ಉತ್ತರಗಳನ್ನು ಎಣಿಸಿದ. ಎರಡು ಅವನ ಕಣ್ತಪ್ಪಿದ್ದವು ಎನ್ನುವುದು ಬೇರೆ ಮಾತು.

ಅದಕ್ಕೂ ಹಿಂದೆ, 5ನೆಯ ಶತಮಾನದ ಚೀನಾದಲ್ಲಿ ಝಾಂಗ್ ಚಿಯೂಜಿಯನ್ ಕೇಳಿದ್ದು ಇದು: ಹುಂಜಕ್ಕೆ ಐದು ಕಾಸು, ಹೇಟೆಗೆ ಮೂರು, ಮೂರು ಮರಿಗೆ ಒಂದು, ನೂರು ಕಾಸಿಗೆ ನೂರು ಕೋಳಿ. ಮೂರೂ ಬಗೆ ಇರಲೇಬೇಕೆಂದರೆ ಉತ್ತರಗಳು ಮೂರೇ. ಹಣದ ಸಮೀಕರಣವನ್ನು ಮೊದಲು ಮೂರರಿಂದ ಗುಣಿಸಿಕೊಂಡು, ನೀವೇ ಬಿಡಿಸಿ ನೋಡಿ.