ರಸ್ತೆಯ ನಿಯಮ ಮತ್ತು ನ್ಯಾಯಾಲಯ

ಒಬ್ಬನೇ ನಡೆಯುವ ಹಾದಿಗೆ ನಿಯಮ ಬೇಕಿಲ್ಲ. ಹಲವರು ಒಂದೇ ಹಾದಿಯನ್ನು ಹಿಡಿದಾಗ ನಿಯಮವು ಅನಿವಾರ್ಯವಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ 17ನೆಯದೆಂದು ಹೆಸರಾಗಿ, ಈಗ 66ನೆಯದೆನಿಸಿರುವ ರಾಷ್ಟ್ರೀಯ ಹೆದ್ದಾರಿಯು ಈ ಮೂರೂ ಊರುಗಳನ್ನು ಹಾಯ್ದುಹೋಗುತ್ತದೆ. ಮೀನಿನ ಲಾರಿಗಳು, ದೂರದೂರಿನ ಬಸ್ಸುಗಳು, ಗೋಕರ್ಣ-ಮುರ್ಡೇಶ್ವರಗಳ ಯಾತ್ರಿಕರ ವಾಹನಗಳು ಧಾವಿಸುವ ಈ ದಾರಿಯನ್ನೇ ಶಾಲಾಮಕ್ಕಳೂ ದಾಟಬೇಕಾಗಿದೆ. ಆದುದರಿಂದ ನಿಯಮ ತಪ್ಪಿದವನನ್ನು ಕಾನೂನು ಹೇಗೆ ವಿಚಾರಿಸುತ್ತದೆಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಅರಿತಿರುವುದು ಲೇಸು.

1939ರ ಕಾಯಿದೆಯ ಸ್ಥಾನದಲ್ಲಿ ಬಂದ 1988ರ ಮೋಟಾರು ವಾಹನಗಳ ಕಾಯಿದೆಯು 1989ರ ಜುಲೈ 1ರಿಂದ ಜಾರಿಯಲ್ಲಿದೆ. 2019ರ ತಿದ್ದುಪಡಿಯು ದಂಡವನ್ನು ಬಹುವಾಗಿ ಹೆಚ್ಚಿಸಿತು. ಹೆಲ್ಮೆಟ್ ಧರಿಸದಿರುವುದು, ಪರವಾನಗಿಯಿಲ್ಲದೆ ವಾಹನ ನಡೆಸುವುದು ಮುಂತಾದ ಅನೇಕ ತಪ್ಪುಗಳನ್ನು ಸರಕಾರವು ಅಧಿಕಾರ ನೀಡಿದ ಪೊಲೀಸ್ ಅಥವಾ ಸಾರಿಗೆ ಅಧಿಕಾರಿಯ ಬಳಿ ಗೊತ್ತಾದ ಹಣ ಕಟ್ಟಿ ಇತ್ಯರ್ಥಗೊಳಿಸಿಕೊಳ್ಳಬಹುದು. ಹಣ ಕಟ್ಟಲೊಪ್ಪದಿದ್ದರೆ, ಅಥವಾ ತಪ್ಪು ಅಂತಹ ರಾಜಿಗೆ ಒಳಪಡದಿದ್ದರೆ, ಪ್ರಕರಣವು ನ್ಯಾಯಾಲಯವನ್ನು ಸೇರುತ್ತದೆ. ಮದ್ಯಪಾನ ಮಾಡಿ ವಾಹನ ನಡೆಸುವುದು ಈ ಎರಡನೆಯ ವರ್ಗದ್ದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ, ಮೊದಲ ಸಲಕ್ಕೇ ಆರು ತಿಂಗಳವರೆಗಿನ ಸೆರೆಮನೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಬೆಂಗಳೂರಿನಲ್ಲಿರುವಂತೆ ಸಂಚಾರದ ಪ್ರಕರಣಗಳಿಗೆಂದೇ ಪ್ರತ್ಯೇಕ ನ್ಯಾಯಾಲಯ ಇಲ್ಲಿಲ್ಲ. ಆಯಾ ತಾಲೂಕಿನ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳೇ, ಅಂದರೆ ಜನರು ಜೆ.ಎಂ.ಎಫ್.ಸಿ. ಎಂದು ಕರೆಯುವ ನ್ಯಾಯಾಲಯವೇ, ಇವನ್ನೂ ವಿಚಾರಿಸುತ್ತದೆ. ಮೊದಲು ಸಮನ್ಸು ಬರುತ್ತದೆ. ಸಣ್ಣ ತಪ್ಪುಗಳಲ್ಲಿ ಸ್ವತಃ ಹೋಗದೆ ವಕೀಲರ ಮೂಲಕ ಹಾಜರಾಗಬಹುದು. ಇಲ್ಲವೆ ನೋಂದಾಯಿತ ಪತ್ರದಲ್ಲಿ ತಪ್ಪನ್ನೊಪ್ಪಿ, ಸಮನ್ಸಿನಲ್ಲಿ ಸೂಚಿಸಿದ ಹಣವನ್ನು ಕಳುಹಿಸಬಹುದು. ಹಾಜರಾದವನಿಗೆ ಆರೋಪವನ್ನು ತಿಳಿಸಿ, ಒಪ್ಪುವೆಯಾ ಎಂದು ಕೇಳಲಾಗುತ್ತದೆ. ಒಪ್ಪದಿದ್ದರೆ ಸಾಕ್ಷ್ಯದಿಂದ ಆರೋಪವನ್ನು ರುಜುವಾತುಪಡಿಸುವ ಹೊಣೆ ಸರಕಾರದ ಪಕ್ಷದ್ದು. ನಿರಪರಾಧಿಯು ಅಂಜಿ ತಪ್ಪನ್ನೊಪ್ಪಬೇಕಾಗಿಲ್ಲ. ಸಮನ್ಸನ್ನು ಅಲಕ್ಷಿಸಿದವನ ಮೇಲೆ ಮಾತ್ರ ವಾರಂಟು ಹೊರಡಬಹುದು.

ಅಪಘಾತವಾದಾಗ ವಿಚಾರಣೆಯು ಎರಡು ಕವಲಾಗುತ್ತದೆ. ಚಾಲಕನ ಅಪರಾಧವನ್ನು ದಂಡಾಧಿಕಾರಿಗಳು ವಿಚಾರಿಸಿದರೆ, ನೊಂದವರ ಪರಿಹಾರವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ನಿರ್ಣಯಿಸುತ್ತದೆ. ವಾಹನಕ್ಕೆ ವಿಮೆ ಇಲ್ಲದಿದ್ದರೆ ಪರಿಹಾರದ ಭಾರವು ಮಾಲೀಕನ ಮನೆಮಾರುಗಳ ಮೇಲೆ ಬೀಳಬಹುದು. ವಿಮೆಯಿದ್ದರೂ ಚಾಲಕನಿಗೆ ಪರವಾನಗಿ ಇಲ್ಲದಿದ್ದರೆ, ವಿಮಾ ಕಂಪನಿಯು ತಾನು ಕೊಟ್ಟ ಹಣವನ್ನು ಮಾಲೀಕನಿಂದ ವಸೂಲು ಮಾಡಲು ಅನುಮತಿ ದೊರೆಯಬಹುದು.

ಪಾಲಕರು ವಿಶೇಷವಾಗಿ ಗಮನಿಸಬೇಕಾದುದು 2019ರಲ್ಲಿ ಸೇರಿಸಲಾದ 199-ಎ ಕಲಮು. ಹದಿನೆಂಟು ತುಂಬದ ಮಗುವು ವಾಹನ ನಡೆಸಿ ತಪ್ಪೆಸಗಿದರೆ, ಪಾಲಕ ಅಥವಾ ವಾಹನದ ಮಾಲೀಕನೇ ಅಪರಾಧಿಯೆಂದು ಪರಿಗಣಿತನಾಗುತ್ತಾನೆ. ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ, ವಾಹನದ ನೋಂದಣಿಯು ಹನ್ನೆರಡು ತಿಂಗಳು ರದ್ದು, ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿಯಿಲ್ಲ: ಇಷ್ಟು ಕಠಿಣವಾಗಿದೆ ಆ ವಿಧಿ. ವಾಹನವನ್ನು ಪಾಲಕನ ಒಪ್ಪಿಗೆಯಿಂದಲೇ ಒಯ್ಯಲಾಗಿದೆಯೆಂದು ನ್ಯಾಯಾಲಯವು ಮೊದಲು ಭಾವಿಸುತ್ತದೆ. ತನಗೆ ತಿಳಿಯದೆ ನಡೆಯಿತೆಂದಾಗಲಿ, ತಡೆಯಲು ತಕ್ಕ ಎಚ್ಚರವಹಿಸಿದ್ದೆನೆಂದಾಗಲಿ ಸಿದ್ಧಪಡಿಸುವುದು ಪಾಲಕನ ಹೊಣೆ. ಕಲಿಕಾ ಪರವಾನಗಿ ಪಡೆದು, ಅದಕ್ಕೊಳಪಟ್ಟ ವಾಹನವನ್ನೇ ನಡೆಸಿದ ಮಗುವಿನ ವಿಷಯದಲ್ಲಿ ಈ ಭಾವನೆಯಾಗಲಿ ಈ ದಂಡನೆಯಾಗಲಿ ಅನ್ವಯಿಸದು.

ನುಡಿಯೂ ನಡೆಯೂ ಒಂದಾಗಿರಬೇಕೆಂಬುದು ಬಸವಾದಿ ಶರಣರ ಬೋಧೆಯ ತಿರುಳು. ನಿಯಮ ಪಾಲಿಸೆಂದು ಮಗನಿಗೆ ಬುದ್ಧಿ ಹೇಳುವ ತಂದೆಯೇ ಅವನ ಕೈಗೆ ಸ್ಕೂಟರಿನ ಕೀಲಿಕೈಯನ್ನು ಕೊಟ್ಟರೆ ಆ ನುಡಿಗೆ ಬೆಲೆಯೇನು? ದಂಡವು ತಪ್ಪಿಗೆ ತೆರುವ ಬೆಲೆಯಲ್ಲ, ಎಚ್ಚರಿಕೆ ಮಾತ್ರ. ಕಟ್ಟಿದ ಹಣವನ್ನು ಮತ್ತೆ ದುಡಿಯಬಹುದು. ಹೆದ್ದಾರಿಯಲ್ಲಿ ಹೋದ ಜೀವವನ್ನು ಯಾವ ನ್ಯಾಯಾಲಯವೂ ಮರಳಿ ಕೊಡಿಸಲಾರದು.