ಗರಗರ ಲೈನಿನಲ್ಲಿ ಇಂಟರ್ನೆಟ್

2025ರ ಸೆಪ್ಟೆಂಬರ್ 30ಕ್ಕೆ ಅಮೆರಿಕದ ಎಒಎಲ್ ಕಂಪನಿ ತನ್ನ ಡಯಲ್‌ಅಪ್ ಸೇವೆ, ಅಂದರೆ ಫೋನ್ ಲೈನಿನಲ್ಲಿ ನಂಬರ್ ಒತ್ತಿ ಪಡೆಯುವ ಇಂಟರ್ನೆಟ್, ನಿಲ್ಲಿಸಿತು. ಸುದ್ದಿ ಓದಿದವರಲ್ಲಿ ಬಹಳ ಜನ ಕೇಳಿದ್ದು ‘ಅಯ್ಯೋ, ಅದು ಇನ್ನೂ ಇತ್ತಾ?’ ಎಂದು. ನಮ್ಮ ಕಡೂರು ಸೀಮೆಯಲ್ಲಿ ಡಯಲ್‌ಅಪ್ ಯಾವಾಗ ಹೋಯಿತೆಂದು ಯಾರೂ ಬರೆದಿಟ್ಟಿಲ್ಲ. ಮೊಬೈಲ್ ಡೇಟಾ ಬಂತು, ಇದು ತಾನಾಗಿ ಉದುರಿತು. ಆದರೆ ಅದು ಪದೇ ಪದೇ ಕಟ್ ಆಗುತ್ತಿದ್ದದ್ದನ್ನು ಮಾತ್ರ ಬಳಸಿದವರು ಯಾರೂ ಮರೆತಿಲ್ಲ.

ಯಗಟಿ ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರ. ಚಿಕ್ಕಮಗಳೂರು ಜಿಲ್ಲೆ ಅಂದಾಕ್ಷಣ ಕಾಫಿ ತೋಟ ನೆನೆಯುವವರು ಈ ಕಡೆ ಬಂದರೆ ಕಾಣುವುದು ಅಪ್ಪಟ ಬಯಲುಸೀಮೆ: ರಾಗಿ, ಈರುಳ್ಳಿ, ತೆಂಗು. ಪಹಣಿಯನ್ನು ಕಂಪ್ಯೂಟರಿಗೆ ಹತ್ತಿಸಿದ ಭೂಮಿ ಯೋಜನೆ ತಾಲ್ಲೂಕು ಕಚೇರಿಯವರೆಗೆ ಬಂದಿತ್ತು. 2006ರಲ್ಲಿ ಶುರುವಾದ ನೆಮ್ಮದಿ ಕೇಂದ್ರಗಳು ಅದನ್ನು ಹೋಬಳಿಗೆ ತಂದವು. ಸುಮಾರು ಅದೇ ಹೊತ್ತಿಗೆ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ತರತೊಡಗಿದರು. ಗೋಡೆಯ ಮೇಲಿನ ರೋಸೆಟ್‌ಗೆ, ಅಂದರೆ ಫೋನ್ ಡಬ್ಬಿಗೆ, ತಂತಿ ಸಿಕ್ಕಿಸಿ, ಡಯಲ್ ಒತ್ತಿ, ಕಿರ್ರ್ ಕುಂಯ್ ಮುಗಿಯುವವರೆಗೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರುವುದು. ಲ್ಯಾಪ್‌ಟಾಪಿನ ಮೂಲೆಯ ಗಡಿಯಾರದ ಪಕ್ಕ ಎರಡು ಪುಟ್ಟ ಪರದೆಗಳ ಚಿತ್ರ ಮಿನುಗುತ್ತಿತ್ತು. ಐದು ನಿಮಿಷ. ಕಟ್.

ಕಟ್ ಆದರೆ ದುಡ್ಡೂ ಹೋಗುತ್ತಿತ್ತು. 172ರಿಂದ ಶುರುವಾಗುವ ಇಂಟರ್ನೆಟ್ ನಂಬರಿಗೆ ಲೋಕಲ್ ಕಾಲ್ ದರ, ಇಂತಿಷ್ಟು ನಿಮಿಷಕ್ಕೊಂದು ಪಲ್ಸ್, ಅಂದರೆ ಒಂದು ಕಾಲ್ ಲೆಕ್ಕ. ಮತ್ತೆ ಡಯಲ್ ಮಾಡಿದರೆ ಹೊಸ ಪಲ್ಸ್. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲೈನ್ ಸಿಗುವುದೇ ಕಷ್ಟ, ಸಿಕ್ಕಿ ರಿಜಿಸ್ಟರ್ ನಂಬರ್ ಟೈಪ್ ಮಾಡುವಷ್ಟರಲ್ಲಿ ಹೋದರೆ ಹುಡುಗರ ಮುಖ ನೋಡಲಾಗುತ್ತಿರಲಿಲ್ಲ.

ಆಗ ಎಲ್ಲರ ಕಣ್ಣೂ ಬೀಳುತ್ತಿದ್ದದ್ದು ಲ್ಯಾಪ್‌ಟಾಪ್ ಮೇಲೆ. ವೈರಸ್ ಇರಬೇಕು, ವಿಂಡೋಸ್ ಹೊಸದಾಗಿ ಹಾಕಿಸಿ ಎನ್ನುವುದು ಕಂಪ್ಯೂಟರ್ ರಿಪೇರಿಯವರ ಸಿದ್ಧ ಉತ್ತರ. ನನ್ನ ಪ್ರಕಾರ ಹಳ್ಳಿಯ ಡಯಲ್‌ಅಪ್ ಮಟ್ಟಿಗೆ ಅದು ಕೊನೆಗೆ ಹುಡುಕಬೇಕಾದ ಜಾಗ. ದೋಷ ಇರುತ್ತಿದ್ದದ್ದು ಬಹುಪಾಲು ತಂತಿಯಲ್ಲಿ, ತಂತಿಯ ದೋಷ ಕಿವಿಗೆ ಕೇಳುತ್ತಿತ್ತು. ಡಯಲ್‌ಅಪ್‌ಗೆ ಇದ್ದ ಸವಲತ್ತು ಅದು.

ದೋಷ ಹೀಗೆ ಕಿವಿಗೆ ಕೇಳಲು ಕಾರಣವಿದೆ. ಕರ್ನಾಟಕದ ಹಳ್ಳಿ ಫೋನಿನ ಕಥೆಯಲ್ಲಿ ದೊಡ್ಡ ತಿರುವು ಕಿತ್ತೂರಿನದು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ತನ್ನ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ಮೊದಲು ಹಾಕಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಎ.ಸಿ. ಕೋಣೆ ಬೇಡದ, ಧೂಳು ಬಿಸಿಲು ತಡೆಯುವ ಪೆಟ್ಟಿಗೆ. ಅಂಥವು ಊರೂರಿಗೆ ಹೋದವು. ಆದರೆ ಅವು ಮನುಷ್ಯರ ಮಾತಿಗೆಂದು ಮಾಡಿದವು. 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಆ ದಾರಿಯಲ್ಲಿ ಹಾಯುತ್ತದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮಹಾನಗರಗಳಲ್ಲಿ ಜನರಿಗೆ ಇಂಟರ್ನೆಟ್ ಕೊಟ್ಟಾಗ, ಆಮೇಲೆ ಬಿಎಸ್‌ಎನ್‌ಎಲ್ ಸಂಚಾರ್‌ನೆಟ್ ಹೆಸರಲ್ಲಿ ಜಿಲ್ಲೆ ಜಿಲ್ಲೆಗೂ ತಂದಾಗ, ಡೇಟಾ ಕೂಡ ಅದೇ ದಾರಿಯಲ್ಲಿ ಸದ್ದಾಗಿಯೇ ಹೋಗಬೇಕಿತ್ತು. ಮಾತನಾಡುವಾಗ ನಡುವೆ ಗರಗರ ಎಂದರೆ ‘ಏನಂದೆ?’ ಎಂದು ಮತ್ತೆ ಕೇಳಿ ಮುಂದುವರಿಯುತ್ತೇವೆ. ಡೇಟಾವನ್ನು ಸದ್ದಾಗಿಸುವ ಮೋಡೆಮ್ ಕೂಡ ಹಾಗೇ ಮತ್ತೆ ಕೇಳುತ್ತದೆ, ವೇಗ ಇಳಿಸಿ ನೋಡುತ್ತದೆ, ಆಗದಿದ್ದರೆ ಫೋನ್ ಇಡುತ್ತದೆ.

ಆದ್ದರಿಂದ ಮೊದಲ ಪರೀಕ್ಷೆಗೆ ಲ್ಯಾಪ್‌ಟಾಪೇ ಬೇಡ. ಫೋನಿನ ರಿಸೀವರ್ ಎತ್ತಿ, ಯಾವುದಾದರೂ ಒಂದು ಅಂಕಿ ಒತ್ತಬೇಕು. ಡಯಲ್ ಟೋನ್ ನಿಲ್ಲುತ್ತದೆ. ಎಕ್ಸ್‌ಚೇಂಜ್ ಉಳಿದ ಅಂಕಿಗಾಗಿ ಕೆಲವು ಸೆಕೆಂಡು ಕಾಯುತ್ತದಲ್ಲ, ಆ ಹೊತ್ತಿನಲ್ಲಿ ರಿಸೀವರಿನ ಮಾತಾಡುವ ತುದಿಯನ್ನು ಕೈಯಿಂದ ಮುಚ್ಚಿ ಕೇಳಬೇಕು. ಏನೂ ಕೇಳಬಾರದು. ಹೂಂ ಎನ್ನುವ ಒಂದೇ ಸಮನಾದ ಗುಂಯ್ ಸದ್ದು ಬಂದರೆ ಫೋನಿನ ಜೋಡಿ ತಂತಿಯಲ್ಲಿ ಒಂದು ಎಲ್ಲೋ ನೆಲಕ್ಕೋ ಗೋಡೆಗೋ ತಾಕಿದೆ, ಇಲ್ಲವೇ ಕರೆಂಟ್ ಲೈನಿನ ಪಕ್ಕ ಹಾದಿದೆ. ಚಟಪಟ, ಗರಗರ ಬಂದರೆ ಸಡಿಲ ಜಾಯಿಂಟ್. ಪಕ್ಕದ ಬೀದಿಯವರ ಮದುವೆ ಮಾತುಕತೆ ಕೇಳಿಸಿದರೆ ಕೇಬಲ್ಲಿನೊಳಗೆ ಎರಡು ಜೋಡಿಗಳು ಒಂದಕ್ಕೊಂದು ಸೋರುತ್ತಿವೆ. (ಊರಿನ ಎಷ್ಟೋ ಗುಟ್ಟು ಹೀಗೆ ಹೊರಬಿದ್ದಿದ್ದುಂಟು.)

ಗರಗರ ಮಳೆ ಬಂದಾಗ ಶುರುವಾಗಿ, ಬಿಸಿಲು ಕಾದು ಎರಡು ದಿನಕ್ಕೆ ತಾನಾಗಿ ನಿಂತರೆ ನೀರು ಜಾಯಿಂಟಿಗೆ ಇಳಿದಿದೆ. ನೆಲದಡಿಯ ಕೇಬಲ್ಲಿನೊಳಗೆ ನೀರು ಹರಡದಂತೆ ಜೆಲ್ಲಿ ತುಂಬಿರುತ್ತಾರೆ. ಜಾಯಿಂಟ್ ಹಾಕಿದ ಕಡೆ ಆ ರಕ್ಷಣೆ ಕೈಕೆಲಸದ ಮೇಲೆ ನಿಂತಿದೆ. ಗಾಳಿ ಬೀಸಿದಾಗ ಮಾತ್ರ ಕಟ್ ಆಗುವುದು ಬೇರೆ ಜಾತಿ. ಮನೆಮನೆಗೆ ತಂತಿ ಹಂಚುವ ಕಂಬದ ಡಿಪಿ ಬಾಕ್ಸ್‌ನಿಂದ ಮನೆಗೆ ಬರುವ ಡ್ರಾಪ್ ವೈರ್ ತೆಂಗಿನ ತೋಟ ಹಾದು ಬಂದಿದ್ದರೆ ಒಣಗಿದ ಗರಿ ಬಿದ್ದು ಅದನ್ನು ಎಳೆದಿರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಗೇ, ಒಳಗಿನ ತಂತಿ ತುಂಡು. ತುಂಡಾದ ತುದಿಗಳು ಗಾಳಿಯಿಲ್ಲದಾಗ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಮಾತಿಗೆ ಅಡ್ಡಿಯಿಲ್ಲ, ಆದ್ದರಿಂದ ‘ಫೋನ್ ಸರಿ ಐತಲ್ಲ ಸ್ವಾಮಿ’ ಎನ್ನುವ ಉತ್ತರ. ಮೋಡೆಮ್‌ಗೆ ಕ್ಷಣದ ತಪ್ಪುವಿಕೆಯೂ ಸಾಕು. ಬರಿಗಣ್ಣಿಗೆ ಕಾಣದ ಈ ತುಂಡು ಸಿಗುವುದು ತಂತಿಯ ಉದ್ದಕ್ಕೂ ಬೆರಳಾಡಿಸಿದಾಗ: ಮುರಿದ ಜಾಗದಲ್ಲಿ ತಂತಿ ಬಿಗಿ ಬಿಟ್ಟು ಮೆತ್ತಗೆ ಬಾಗುತ್ತದೆ.

ರೋಸೆಟ್ ಬಿಚ್ಚಿ ನೋಡುವುದೂ ಆಗಲೇಬೇಕು. ತಾಮ್ರಕ್ಕೆ ಹಸಿರು ಕಿಲುಬು, ಒಳಗೆ ಇರುವೆ ಗೂಡು. ಸ್ಕ್ರೂ ಬಿಚ್ಚಿ, ತಂತಿ ಅರ್ಧ ಇಂಚು ಕತ್ತರಿಸಿ, ಹೊಸ ತುದಿ ಹೊಳೆಯುವಂತೆ ಕೆರೆದು ಬಿಗಿದರೆ ಎಷ್ಟೋ ಮನೆಯ ಇಂಟರ್ನೆಟ್ ಸರಿಹೋಗುತ್ತಿತ್ತು. ಫೋನ್ ತಂತಿಯಲ್ಲಿ 48 ವೋಲ್ಟ್ ಮಾತ್ರ, ಆದರೆ ಆ ಹೊತ್ತಿಗೇ ಯಾರಾದರೂ ಕರೆ ಮಾಡಿದರೆ ರಿಂಗ್‌ನ ವೋಲ್ಟೇಜ್ ಬೆರಳಿಗೆ ಚುರ್ ಎನ್ನಿಸುತ್ತದೆ. ನಡುಮನೆಯಲ್ಲೊಂದು, ಅಡುಗೆಮನೆ ಬಾಗಿಲಲ್ಲೊಂದು ಪ್ಯಾರಲಲ್ ಫೋನ್ ಇದ್ದ ಕಡೆ ಬೇರೆ ಸಂಶೋಧನೆ ಬೇಡ. ಅಜ್ಜಿ ರಿಸೀವರ್ ಎತ್ತಿ ‘ಇದೇನೋ ಕಿರುಚ್ತೈತೆ’ ಅನ್ನುವಷ್ಟರಲ್ಲಿ ಲೈನ್ ಹೋಗಿರುತ್ತಿತ್ತು.

ಲ್ಯಾಪ್‌ಟಾಪಿಗೇ ವಿಶೇಷವಾದ ದೋಷವೂ ಒಂದಿದೆ. ಚಾರ್ಜರ್ ಕಿತ್ತು, ಬರೀ ಬ್ಯಾಟರಿಯಲ್ಲಿ ಡಯಲ್ ಮಾಡಿ ನೋಡುವುದು. ಆಗ ನಿಲ್ಲುವ ಸಂಪರ್ಕ ಚಾರ್ಜರ್ ಹಾಕಿದೊಡನೆ ಕಡಿಯುತ್ತಿದ್ದರೆ ಮನೆಯ ಅರ್ತಿಂಗ್ ಕೆಟ್ಟಿದೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದರೂ ಇದೇ ಗತಿ. ಸೋರಿದ ಕರೆಂಟು ಗುಂಯ್ ಸದ್ದಾಗಿ ಮೋಡೆಮ್‌ಗೆ ಸೇರುತ್ತದೆ. ಭರಣಿ ಮಳೆಯ ಸಿಡಿಲಿಗೆ ಹೆದರಿ ಚಾರ್ಜರ್ ಕಿತ್ತವರು ಫೋನ್ ತಂತಿ ಕೀಳುವುದನ್ನು ಮರೆಯುತ್ತಿದ್ದರು. ಮೋಡೆಮ್ ಸುಡುತ್ತಿದ್ದದ್ದು ಆ ದಾರಿಯಿಂದಲೇ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ರೈತರಿಗೆ ಕಾಟ ಬೇರೆ: ದನಕುರಿಗೆ ಹಾಕಿದ ಕರೆಂಟ್ ಬೇಲಿ ಸೆಕೆಂಡಿಗೊಮ್ಮೆ ಟಿಕ್ ಎಂದಾಗಲೆಲ್ಲ ಫೋನ್ ಲೈನ್ ಕೂಡ ಟಿಕ್ ಎನ್ನುತ್ತಿತ್ತು.

ತಂತಿ ಶುದ್ಧವಾಗಿದ್ದೂ ಕಡಿದರೆ ಆಗ ಸೆಟ್ಟಿಂಗ್ ನೋಡಬೇಕು. ಕಾಲ್ ವೇಟಿಂಗ್ ಬೀಪ್ ಬಂದರೆ ಮೋಡೆಮ್ ಆ ಕ್ಷಣಕ್ಕೆ ಎದುರು ಸದ್ದು ಕಳೆದುಕೊಳ್ಳುತ್ತದೆ. ಎಷ್ಟು ಹೊತ್ತು ತಾಳಿಕೊಳ್ಳಬೇಕೆಂಬುದು ಮೋಡೆಮಿನ ಎಸ್10 ಎಂಬ ಸೆಟ್ಟಿಂಗಿನಲ್ಲಿದೆ, ಸೆಕೆಂಡಿನ ಹತ್ತನೇ ಒಂದು ಭಾಗದ ಅಳತೆಯಲ್ಲಿ. ಎಸ್10=50 ಎಂದು ಬರೆದರೆ ಐದು ಸೆಕೆಂಡು ತಾಳುತ್ತದೆ. ಕಾಲ್ ವೇಟಿಂಗ್ ತೆಗೆಸಿಬಿಡುವುದು ಇನ್ನೂ ಸಲೀಸು. ಕರೆಂಟ್ ಉಳಿಸಲು ವಿಂಡೋಸ್ ಮೋಡೆಮನ್ನೇ ಮಲಗಿಸದಂತೆ ಒಂದು ಟಿಕ್ ತೆಗೆಯಬೇಕು. ಡಬ್ಬದ ಮೇಲೆ 56ಕೆ ಎಂದಿದ್ದರೂ ಹಳ್ಳಿಯ ಉದ್ದ ತಂತಿಯಲ್ಲಿ ಆ ವೇಗಕ್ಕೆ ಹಟ ಹಿಡಿದರೆ ಕಡಿಯುತ್ತದೆ. ವಿ.34 ಮಟ್ಟಕ್ಕೆ, ಅಂದರೆ ಹೆಚ್ಚೆಂದರೆ 33.6ಕೆಗೆ ಇಳಿಸಿದರೆ ನಿಧಾನವಾದರೂ ನಿಲ್ಲುತ್ತದೆ.

ಡಯಲ್ಲೇ ಆಗದೆ ‘ಡಯಲ್ ಟೋನ್ ಇಲ್ಲ’ ಎಂಬ 680ನೇ ಎರರ್ ಬಂದರೆ ತಮಾಷೆಯಿದೆ. ಫೋನ್ ಎತ್ತಿದರೆ ಟೋನ್ ಚೆನ್ನಾಗಿ ಕೇಳುತ್ತಿರುತ್ತದೆ. ಭಾರತದ ಡಯಲ್ ಟೋನ್ 400 ಹರ್ಟ್ಸ್, ಅದೂ 25 ಹರ್ಟ್ಸ್‌ನಲ್ಲಿ ಅಲುಗುವಂಥದ್ದು. ಅಮೆರಿಕದ ಟೋನಿಗೆ ಕಿವಿ ಹೊಂದಿಸಿಕೊಂಡು ಬಂದ ಮೋಡೆಮ್‌ಗೆ ಅದರ ಗುರುತಿಲ್ಲ. ಎಕ್ಸ್3 ಎಂಬ ಪುಟ್ಟ ಆಜ್ಞೆ ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಮೋಡೆಮ್ ಸೆಟ್ಟಿಂಗಿನಲ್ಲಿ ದೇಶ ಭಾರತವೆಂದು ಆರಿಸಿದರೂ ಬಹಳ ಸಲ ಸಾಕಾಗುತ್ತಿತ್ತು.

ಕೇಬಲ್ ಹೋಗದ ಒಂಟಿ ಮನೆ, ತೋಟದ ಮನೆಗಳಿಗೆ ತಂತಿಯಿಲ್ಲದ ಡಬ್ಲ್ಯುಎಲ್‌ಎಲ್ ಫೋನ್ ಬಂತು. ನೋಡಲು ಮಾಮೂಲಿ ಫೋನ್, ಬೆನ್ನಿಗೊಂದು ಆಂಟೆನಾ. ಡೇಟಾ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ #777 ಡಯಲ್ ಮಾಡಿದರೆ ಇಂಟರ್ನೆಟ್. ಇಲ್ಲಿ ಕಿವಿಯ ವಿದ್ಯೆ ನಡೆಯುವುದಿಲ್ಲ. ಕಿರುಚಾಟವಿಲ್ಲ, ಗರಗರವಿಲ್ಲ, ಕಡಿದಾಗ 619 ಎಂದೋ 678 ಎಂದೋ ಒಂದು ಸಂಖ್ಯೆ. ಎರಡು ಟವರುಗಳ ನಡುವೆ ಸಿಕ್ಕಿದ ಮನೆಯಲ್ಲಿ ಫೋನ್ ಅತ್ತಲೊಮ್ಮೆ ಇತ್ತಲೊಮ್ಮೆ ಜಿಗಿಯುತ್ತ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಜನ ಆಂಟೆನಾವನ್ನು ಜಂತೆಗೆ, ಕಿಟಕಿ ಸರಳಿಗೆ, ಕೊನೆಗೆ ಬಿದಿರು ಗಳಕ್ಕೆ ಕಟ್ಟಿ ದಿಕ್ಕು ಹುಡುಕಿದರು.

2005ರ ಜನವರಿಯಲ್ಲಿ ಶುರುವಾದ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಕ್ರಮೇಣ ಸಣ್ಣ ಊರುಗಳಿಗೆ ಬಂದಾಗ ಓಡಿದ್ದು ಮಾತ್ರ ಹಳೆಯ ತಾಮ್ರದ ಜೋಡಿಯ ಮೇಲೆಯೇ. ಮಾತಿನ ಪಟ್ಟಿಯ ಮೇಲಿನ, ಕಿವಿಗೆ ನಿಲುಕದ ಸದ್ದುಗಳಲ್ಲಿ ಡೇಟಾ ಹೋಗುತ್ತಿತ್ತು. ಕಿಲುಬು ಹಿಡಿದ ಜಾಯಿಂಟ್ ಅದನ್ನೂ ಬಿಡಲಿಲ್ಲ. ಮೋಡೆಮಿನ ಡಿಎಸ್‌ಎಲ್ ದೀಪ ನಿಂತು ನಿಂತು ಮಿಣುಕುತ್ತಿತ್ತು. 198ಕ್ಕೆ ದೂರು ಬರೆಸಿದರೆ ಬಂದ ಲೈನ್‌ಮನ್ ಲ್ಯಾಪ್‌ಟಾಪಿನ ಕಡೆ ತಿರುಗಿಯೂ ನೋಡದೆ ಫೋನ್ ಎತ್ತಿ, ಒಂದು ಅಂಕಿ ಒತ್ತಿ, ಕಿವಿಗಿಡುತ್ತಿದ್ದ.