ಬಿ.ಪಿ. ಮಾತ್ರೆ: ಆರಾಮವಾಯಿತೆಂದು ನಿಲ್ಲಿಸಬೇಡಿ

ಮನೆಯ ಎಲ್ಲರ ಔಷಧಿಯನ್ನು ಹೊತ್ತಿಗೆ ಸರಿಯಾಗಿ ನೆನಪಿಸುವ ಗೃಹಿಣಿ ತನ್ನದನ್ನು ಮಾತ್ರ ಮರೆಯುತ್ತಾಳೆ. ಇಲ್ಲವೇ, 'ಈಗ ತಲೆನೋವಿಲ್ಲ, ಆರಾಮಾಗಿದ್ದೇನೆ, ಇನ್ನೇಕೆ ಮಾತ್ರೆ?' ಎಂದು ತಾನೇ ತೀರ್ಮಾನಿಸಿ ನಿಲ್ಲಿಸಿಬಿಡುತ್ತಾಳೆ. ಅಧಿಕ ರಕ್ತದೊತ್ತಡದ ವಿಷಯದಲ್ಲಿ ಈ ತೀರ್ಮಾನವು ಪ್ರಾಣಕ್ಕೇ ಕುತ್ತು ತರಬಹುದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ಮಹಿಳೆಯರ ಪೈಕಿ ನೂರಕ್ಕೆ ಸುಮಾರು 21 ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅದಕ್ಕಾಗಿ ಅವರು ಔಷಧಿ ಸೇವಿಸುತ್ತಿದ್ದಾರೆ. ಈ ಕಾಯಿಲೆ ಹೆಚ್ಚಿನವರಲ್ಲಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಮಾತ್ರೆಯು ಅದನ್ನು ಗುಣಪಡಿಸುವುದಿಲ್ಲ, ಹತೋಟಿಯಲ್ಲಿಡುತ್ತದೆ. ಅಳತೆ ಸರಿಯಾಗಿ ಬರುತ್ತಿದೆಯೆಂದರೆ ಅದು ಹೆಚ್ಚಾಗಿ ಮಾತ್ರೆಯ ಕೆಲಸ. ನಿಲ್ಲಿಸಿದರೆ ಒತ್ತಡ ಮತ್ತೆ ಏರಿ ಮೆದುಳು, ಹೃದಯ, ಮೂತ್ರಪಿಂಡ ಮತ್ತು ಕಣ್ಣುಗಳಿಗೆ ಹಾನಿ ಮಾಡುತ್ತದೆ. ಅಟೆನೊಲಾಲ್‌ನಂತಹ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಹೃದಯಕ್ಕೇ ಅಪಾಯ.

ಚೀಟಿ ಒಂದು, ಮಾತ್ರೆ ಎರಡು

ರಾಯಚೂರು ಜಿಲ್ಲೆಯ ಜಾಲಹಳ್ಳಿಯಂತಹ ಊರುಗಳಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೋಗುವ ಮಹಿಳೆಗೆ ದೇವದುರ್ಗದ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಹಾಗಾಗಿ ಮಾತ್ರೆ ಮುಗಿದರೆ ನೆರೆಮನೆಯವರಿಂದ ಕೇಳಿ ಪಡೆಯುವವರಿದ್ದಾರೆ. ಹೀಗೆ ಮಾಡಬಾರದು. ಒಬ್ಬರಿಗೆ ಹಿತವಾದ ಔಷಧಿ ಇನ್ನೊಬ್ಬರಿಗೆ ಹಾನಿಕರವಾಗಬಹುದು. ಉದಾಹರಣೆಗೆ, ಟೆಲ್ಮಿಸಾರ್ಟನ್, ಎನಾಲಪ್ರಿಲ್ ಮಾತ್ರೆಗಳು ಗರ್ಭಿಣಿಯ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿ. ಅವುಗಳನ್ನು ಸೇವಿಸುವವರು ಗರ್ಭ ಧರಿಸಿದರೆ, ಅಥವಾ ಧರಿಸುವ ಆಲೋಚನೆಯಿದ್ದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಎಚ್ಚರಿಕೆ: ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಅಮ್ಲೊಡಿಪಿನ್ ಅಂಗಡಿಯಲ್ಲಿ ಬೇರೆ ಹೆಸರು, ಬೇರೆ ಬಣ್ಣದಲ್ಲಿ ಸಿಗುತ್ತದೆ. ಎರಡೂ ಬೇರೆ ಔಷಧಿಯೆಂದು ತಿಳಿದು ಎರಡನ್ನೂ ನುಂಗಿದರೆ ಒತ್ತಡ ತೀರಾ ಇಳಿಯಬಹುದು. ಓದಲು ಬಾರದವರು ಹಳೆಯ ಖಾಲಿ ಪಟ್ಟಿಯನ್ನು ಎಸೆಯದೆ ವೈದ್ಯರಿಗೆ ತೋರಿಸಲಿ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವೇ ಕೊಂಡು ತಿನ್ನುವುದೂ ಸರಿಯಲ್ಲ. ಅವು ರಕ್ತದೊತ್ತಡವನ್ನು ಏರಿಸುತ್ತವೆ, ಮೂತ್ರಪಿಂಡವನ್ನೂ ಕೆಡಿಸಬಲ್ಲವು.

ರಮಝಾನ್‌ನಲ್ಲಿ

ಉಪವಾಸದ ತಿಂಗಳಲ್ಲಿ ಔಷಧಿಯನ್ನೇ ಬಿಟ್ಟುಬಿಡುವವರು ಅನೇಕರು. ಇದರ ಅಗತ್ಯವೇ ಇಲ್ಲ. ರಕ್ತದೊತ್ತಡ ಹತೋಟಿಯಲ್ಲಿರುವ ಹೆಚ್ಚಿನವರು ವೈದ್ಯರ ಸಲಹೆಯಂತೆ ಉಪವಾಸ ಆಚರಿಸಬಹುದು. ದಿನಕ್ಕೊಮ್ಮೆ ಸೇವಿಸುವ ಮಾತ್ರೆಯನ್ನು ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಹೊಂದಿಸಿಕೊಳ್ಳಲು ಸಾಧ್ಯ. ಆದರೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಹರಿಯಲ್ಲಿ ಸೇವಿಸಿದರೆ ಹಗಲೆಲ್ಲಾ ದೇಹದ ನೀರು ಕಡಿಮೆಯಾಗಿ ತಲೆಸುತ್ತು ಬರಬಹುದು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದು ಸಣ್ಣ ವಿಷಯವಲ್ಲ. ಆದ್ದರಿಂದ ರಮಝಾನ್‌ಗೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕಂಡು ಹೊತ್ತು, ಪ್ರಮಾಣಗಳನ್ನು ಕೇಳಿಕೊಳ್ಳಿ. ರೋಗಿಗೆ ಉಪವಾಸದಿಂದ ವಿನಾಯಿತಿಯನ್ನು ಇಸ್ಲಾಮ್ ನೀಡಿದೆ. ವೈದ್ಯರು ಬೇಡವೆಂದಾಗ ಆ ಸವಲತ್ತನ್ನು ಸ್ವೀಕರಿಸಲು ಸಂಕೋಚ ಪಡಬೇಕಾಗಿಲ್ಲ. ಇಫ್ತಾರ್‌ನ ಮಿರ್ಚಿ ಭಜಿ, ಹಪ್ಪಳ, ಉಪ್ಪಿನಕಾಯಿಗಳಲ್ಲಿ ಮಿತಿಯಿರಲಿ.

ನೆನಪಿಡಬೇಕಾದ ಅಂಶಗಳು

* ಪ್ರತಿದಿನ ಒಂದೇ ಹೊತ್ತಿಗೆ ಮಾತ್ರೆ ಸೇವಿಸಿ. ಯಾವುದಾದರೊಂದು ನಮಾಝಿನ ವೇಳೆಗೆ ಜೋಡಿಸಿಕೊಂಡರೆ ಮರೆಯುವುದಿಲ್ಲ.

* ಮರೆತರೆ, ನೆನಪಾದ ಕೂಡಲೇ ಸೇವಿಸಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

* ಅಮ್ಲೊಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಎನಾಲಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಬೇರೆ ಔಷಧಿ ಕೊಡುತ್ತಾರೆ. ಆದರೆ ತುಟಿ, ನಾಲಗೆ ಅಥವಾ ಮುಖ ಊದಿದರೆ ಆ ಮಾತ್ರೆಯನ್ನು ಮತ್ತೆ ಸೇವಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

* ಹಾಸಿಗೆಯಿಂದ ಗಡಬಡಿಸಿ ಏಳಬೇಡಿ. ಸ್ವಲ್ಪ ಹೊತ್ತು ಕುಳಿತು ನಂತರ ನಿಲ್ಲಿರಿ.

* ವಾಂತಿ-ಭೇದಿಯಾದಾಗ ಮಾತ್ರೆ ಮುಂದುವರಿಸುವ ಬಗ್ಗೆ ಅಂದೇ ವೈದ್ಯರನ್ನು ಕೇಳಿ.

* ರಕ್ತದೊತ್ತಡ ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಿ. ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

* ಮುಖ ಸೊಟ್ಟಗಾದರೆ, ಕೈಕಾಲಿನ ಶಕ್ತಿ ಕುಂದಿದರೆ, ಮಾತು ತೊದಲಿದರೆ ಅಥವಾ ಎದೆನೋವು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ.

ಸರಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡದ ತಪಾಸಣೆ ಮತ್ತು ಮಾತ್ರೆ ಉಚಿತ. 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿದ 'ಗೃಹ ಆರೋಗ್ಯ' ಯೋಜನೆಯಡಿ ಆರೋಗ್ಯ ಕಾರ್ಯಕರ್ತೆಯರು ಮನೆಗೇ ಬಂದು ಪರೀಕ್ಷಿಸುತ್ತಾರೆ. ಅವರು ಬಂದಾಗ ಅತ್ತೆ-ಮಾವನನ್ನು ಮುಂದೆ ಕೂರಿಸಿ ತಾನು ಅಡುಗೆಮನೆ ಸೇರುವ ಸೊಸೆಯೂ ತೋಳು ಚಾಚಲಿ. ಪತ್ನಿಯ ಮಾತ್ರೆ ಮುಗಿಯುವ ಮೊದಲೇ ತಂದಿಡುವ ಹೊಣೆಯನ್ನು ಪತಿ ಹೊರಲಿ. ತಾಯಿಯ ಆರೋಗ್ಯ ಕೆಟ್ಟರೆ ಇಡೀ ಮನೆಯೇ ಹಾಸಿಗೆ ಹಿಡಿದಂತೆ.